ಒಂದೇ ಬಂಡೆಗೆ ಎರಡು ಮೂರು ವಯಸ್ಸು ಯಾಕೆ?

ಪ್ರಶ್ನೆ: ಮೇಡಂ, ನಮ್ಮೂರ ಹತ್ತಿರದ ಕರಿಕಲ್ಲು ಕ್ವಾರಿಯಲ್ಲಿ ನಾನು ಸೂಪರ್‌ವೈಸರ್. ಬೂದು ಬಣ್ಣದ ಬಂಡೆಯನ್ನು ಸೀಳಿಕೊಂಡು ಕರಿಕಲ್ಲು ನೆಟ್ಟಗೆ ನಿಂತಿದೆ. ಅಂಚಿನಲ್ಲಿ ಕಲ್ಲು ತುಂಬಾ ನಯ, ನಡುವೆ ಮಾತ್ರ ಹರಳು ಕಾಣಿಸುತ್ತದೆ. ಇದರ ವಯಸ್ಸು ಹೇಗೆ ತಿಳಿಯುತ್ತದೆ? ಕಾಲೇಜಿನಲ್ಲಿ ಓದುವ ಮಗಳು ಒಂದೇ ಬಂಡೆಗೆ ಬೇರೆ ಬೇರೆ ವಯಸ್ಸು ಬರುತ್ತದೆ ಅಂತಾಳೆ. ಯಾವುದನ್ನು ನಂಬೋಣ?
— ಓದುಗರು, ಡೆಂಕಣಿಕೋಟೆ

ಉತ್ತರ: ಮಗಳು ಹೇಳಿದ್ದು ಸರಿ. ಯಾವ ಖನಿಜ ಯಾವ ಘಟನೆಯ ಲೆಕ್ಕ ಇಟ್ಟಿದೆ ಅಂತ ಗೊತ್ತಿದ್ದರೆ ಎಲ್ಲವನ್ನೂ ನಂಬಬಹುದು.

ಮೊದಲು ಆ ನಯವಾದ ಅಂಚು ನೋಡೋಣ, ನನಗೆ ಅದೇ ಬಹಳ ಇಷ್ಟ. ಕರಿಕಲ್ಲು ಅಂದರೆ ಹೆಚ್ಚಾಗಿ ಡಾಲರೈಟ್. ಸುಮಾರು 1,100–1,200 ಡಿಗ್ರಿ ಬಿಸಿಯ ಮ್ಯಾಗ್ಮಾ, ಅಂದರೆ ಕರಗಿದ ಬಂಡೆ, ಬಿರುಕಿಗೆ ನುಗ್ಗಿ ಅಲ್ಲೇ ಗಟ್ಟಿಯಾದದ್ದು, ಇದಕ್ಕೆ ಡೈಕ್ ಅನ್ನುತ್ತಾರೆ. ಆಲೆಮನೆಯಲ್ಲಿ ಬೆಲ್ಲದ ಪಾಕ ತಣ್ಣನೆ ಕಲ್ಲಿಗೆ ಬಿದ್ದರೆ ತಾಗಿದ ಕಡೆ ತಟ್ಟನೆ ಹೆಪ್ಪುಗಟ್ಟುತ್ತದೆ ಅಲ್ವಾ, ಇಲ್ಲೂ ಹಾಗೇ, ಅಂಚಿನಲ್ಲಿ ಹರಳು ಬೆಳೆಯಲು ಸಮಯವೇ ಸಿಗಲಿಲ್ಲ. ಅಂದರೆ ಮ್ಯಾಗ್ಮಾ ಬಂದಾಗ ಸುತ್ತಲಿನ ಬಂಡೆ ಆಗಲೇ ತಣ್ಣಗಾಗಿತ್ತು. ಇದು ಸಣ್ಣ ಸಂಗತಿಯಲ್ಲ. ಕೃಷ್ಣಗಿರಿ, ಧರ್ಮಪುರಿ ಕಡೆಯ ಬೂದು ಬಂಡೆಗಳು ಸುಮಾರು 250 ಕೋಟಿ ವರ್ಷದ ಹಿಂದೆ ಭೂಮಿಯ ಹೊರಪದರದ ಆಳದಲ್ಲಿ, 700 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಬೆಂದಿದ್ದವು. ಮೇಲಿನ ಕಿಲೋಮೀಟರುಗಟ್ಟಲೆ ಬಂಡೆ ಸವೆದು ಹೋಗಿ ಈಗ ನಮ್ಮ ಕಾಲ ಕೆಳಗಿವೆ. ಆ ಬಿಸಿಯಲ್ಲೇ ಡೈಕ್ ನುಗ್ಗಿದ್ದರೆ ಅಂಚು ಇಷ್ಟು ನಯವಾಗಿ ಇರುತ್ತಿರಲಿಲ್ಲ.

ಇನ್ನು ವಯಸ್ಸು. ಕರಿಕಲ್ಲನ್ನು ಪುಡಿ ಮಾಡಿ ಬ್ಯಾಡಿಲಿಯೈಟ್ ಅನ್ನುವ ಚಿಕ್ಕ ಚಿಕ್ಕ ಹರಳು ಹುಡುಕುತ್ತಾರೆ. ಅದರೊಳಗಿನ ಯುರೇನಿಯಂ ನಿಧಾನವಾಗಿ ಸೀಸವಾಗುತ್ತದೆ. ಯುರೇನಿಯಂ-238 ಅರ್ಧ ಆಗಲು 446.8 ಕೋಟಿ ವರ್ಷ ಬೇಕು. ಎರಡರ ಪ್ರಮಾಣ ಅಳೆದರೆ ಹರಳು ಹುಟ್ಟಿದ ಕಾಲ ಸಿಗುತ್ತದೆ. ಹೀಗೇ ಯುರೇನಿಯಂ ಇರುವ ಇನ್ನೊಂದು ಖನಿಜ ಜಿರ್ಕಾನ್. ಅದರ ಹರಳಾದರೆ ಸುತ್ತಲಿನ ಹಳೆ ಬಂಡೆಯಿಂದ ಮ್ಯಾಗ್ಮಾದೊಳಗೆ ಸೇರಿಕೊಂಡಿರಬಹುದು. ಬ್ಯಾಡಿಲಿಯೈಟ್ ಸಾಮಾನ್ಯವಾಗಿ ಆ ಮ್ಯಾಗ್ಮಾದಲ್ಲೇ ಹುಟ್ಟಿದ್ದು, ಅದಕ್ಕೇ ಡೈಕ್‌ಗೆ ಇದು ಒಳ್ಳೆಯ ಸಾಕ್ಷಿ. ಬೆಂಗಳೂರು ಸುತ್ತಿನ ಪೂರ್ವ–ಪಶ್ಚಿಮ ದಿಕ್ಕಿನ ದೊಡ್ಡ ಡೈಕ್‌ಗಳಿಗೆ ಹೀಗೆ ಬಂದ ವಯಸ್ಸು ಸುಮಾರು 237 ಕೋಟಿ ವರ್ಷ. ಈ ಭಾಗದಲ್ಲಿ ಇದಕ್ಕಿಂತ ಎಷ್ಟೋ ಚಿಕ್ಕ ವಯಸ್ಸಿನ ಡೈಕ್‌ಗಳೂ ಇವೆ, ಹಾಗಾಗಿ ನಿಮ್ಮ ಕ್ವಾರಿಯದನ್ನು ಅಳೆಯದೆ ಸುಮ್ನೆ ಅದೇ ಗುಂಪಿಗೆ ಸೇರಿಸಬಾರದು.

ಬೂದು ಬಂಡೆಯ ಕಥೆ ಬೇರೆ. ಆಳದಲ್ಲಿ ಬಿಸಿ ಹೊರಗೆ ಹೋಗುವುದೇ ನಿಧಾನ. ದಪ್ಪ ಎರಡರಷ್ಟಾದರೆ ಆರುವ ಕಾಲ ನಾಲ್ಕರಷ್ಟಾಗುತ್ತದೆ. ಕೆಲವು ಮೀಟರ್ ಡೈಕ್ ಕೆಲವೇ ವರ್ಷಗಳಲ್ಲಿ ಆರಬಹುದು, ಹತ್ತು ಕಿಲೋಮೀಟರ್ ದಪ್ಪದ ಪದರಕ್ಕೆ ಹತ್ತಾರು ಲಕ್ಷ ವರ್ಷ ಬೇಕು. ಈ ಉದ್ದ ಕಾಲದಲ್ಲಿ ಒಂದೊಂದು ಖನಿಜ ಒಂದೊಂದು ಹೊತ್ತಿಗೆ, ತನ್ನೊಳಗೆ ಹುಟ್ಟಿದ್ದು ಹೊರಗೆ ಹೋಗದೆ ನಿಂತಾಗ, ಲೆಕ್ಕ ಶುರು ಮಾಡುತ್ತದೆ. ಜಿರ್ಕಾನ್ 900 ಡಿಗ್ರಿಯಲ್ಲೂ ಸೀಸವನ್ನು ಬಿಡುವುದಿಲ್ಲ. ಪೊಟ್ಯಾಸಿಯಂನಿಂದ ಹುಟ್ಟುವ ಆರ್ಗಾನ್ ಅನಿಲ ಹಾರ್ನ್‌ಬ್ಲೆಂಡ್ ಅನ್ನುವ ಖನಿಜದಲ್ಲಿ ನಿಲ್ಲಬೇಕಾದರೆ ಬಿಸಿ ಸುಮಾರು 500 ಡಿಗ್ರಿಗೆ ಇಳಿಯಬೇಕು, ಬಯೊಟೈಟ್ ಅನ್ನುವ ಕಪ್ಪು ಅಭ್ರಕದಲ್ಲಾದರೆ ಸುಮಾರು 300ಕ್ಕೆ. ಹಾಗಾಗಿ ಮೂರಕ್ಕೂ ಮೂರು ವಯಸ್ಸು. ಅವುಗಳ ನಡುವಿನ ಅಂತರವೇ ಬಂಡೆ ಎಷ್ಟು ನಿಧಾನವಾಗಿ ಆರಿತು ಅನ್ನುವುದಕ್ಕೆ ದಾಖಲೆ. ಇದನ್ನು ಅಳತೆಯ ತಪ್ಪು ಅಂದುಕೊಂಡು ಬದಿಗಿಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಪ್ರಶ್ನೆ: ನಮ್ಮ ತಾತ ಕೆಜಿಎಫ್ ಗಣಿಯಲ್ಲಿದ್ದರು. ಕೆಳಗಿಳಿದಂತೆ ಬೆಂಕಿಯಂಥ ಸೆಕೆ ಅನ್ನುತ್ತಿದ್ದರು. ಹಾಗಾದರೆ ನಮ್ಮ ಕೆಳಗೆ ಈಗಲೂ ಮ್ಯಾಗ್ಮಾ ಇದೆಯಾ?
— ಓದುಗರು, ಹೊಸೂರು

ಉತ್ತರ: ಇಲ್ಲ. ತಾತ ಪಟ್ಟ ಕಷ್ಟ ಮಾತ್ರ ನಿಜ. ಸುಮಾರು 3.2 ಕಿಲೋಮೀಟರ್ ಆಳದಲ್ಲಿ ಅಲ್ಲಿನ ಬಂಡೆ 65 ಡಿಗ್ರಿ ದಾಟಿತ್ತು. ಆದರೂ ಮೇಲಿನ ನೆಲದ ಬಿಸಿಯನ್ನು ಕಳೆದು ಲೆಕ್ಕ ಹಾಕಿ, ಕಿಲೋಮೀಟರಿಗೆ ಸುಮಾರು 12 ಡಿಗ್ರಿಯಷ್ಟೇ ಏರಿದೆ. ಖಂಡಗಳಲ್ಲಿ ಸಾಮಾನ್ಯವಾಗಿ 25–30 ಏರುತ್ತದೆ. ನಮ್ಮದು ಹಳೆಯ, ತಣ್ಣಗಾದ ನೆಲ. ಬಿಸಿ ಹುಟ್ಟಿಸುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಆಳದ ಬಂಡೆಗಳಲ್ಲಿ ಕಡಿಮೆ. ಹೊರಪದರದ ತಳದಲ್ಲೂ ಈಗ 500 ಡಿಗ್ರಿ ಇರಲಾರದು ಅಂತ ಅಂದಾಜು. ನೀರಿನಂಶ ಇದ್ದರೂ ಗ್ರಾನೈಟ್ ಕರಗಲು ಶುರುವಾಗುವುದು 650 ಡಿಗ್ರಿ ಹೊತ್ತಿಗೆ.