ದೇವಿ ಬಲಗಡೆ ಹೂ ಕೊಟ್ಟಳು, ನಾನು ಎಡಗಡೆ ಎಂದೆ

ಪ್ರಶ್ನೆ: ನನಗೆ 54 ವರ್ಷ. ಸಕಲೇಶಪುರದ ಹತ್ತಿರ ನಮ್ಮದು ಎಂಟು ಎಕರೆ ಕಾಫಿ ತೋಟ. ಯಜಮಾನರಿಗೆ ಸ್ಟೆಂಟ್ ಹಾಕಿದ ಮೇಲೆ ಮಗ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದು ತೋಟ ನೋಡಿಕೊಳ್ಳುತ್ತೇನೆ ಎನ್ನುತ್ತಿದ್ದಾನೆ. ನನಗೆ ಇಷ್ಟವಿಲ್ಲ. ಆನೆ ಕಾಟ, ಆಳು ಸಿಗಲ್ಲ, ಮಳೆ ನಂಬೋ ಹಾಗಿಲ್ಲ. ಅವನು ಅಲ್ಲೇ ಇರಲಿ ಎಂದು ಹಾಸನಾಂಬೆಯ ಹುಂಡಿಗೆ ಚೀಟಿ ಬರೆದು ಹಾಕಿದೆ. ಹೊರನಾಡಿಗೆ ಹರಕೆ ಹೊತ್ತೆ. ಕೊನೆಗೆ ಮಗನೇ, 'ಊರ ದೇವಿ ಹತ್ತಿರ ಹೂ ಕೇಳಮ್ಮ, ಅವಳು ಹೇಳಿದ ಹಾಗೆ ಮಾಡೋಣ' ಎಂದ. ಕೇಳಿದೆ. ಬಲಗಡೆ ಹೂ ಬಿತ್ತು, ಅಂದರೆ ಮಗ ಬರಲಿ ಎಂದು. ಮಗನಿಗೆ ಎಡಗಡೆ ಬಿತ್ತು ಎಂದು ಹೇಳಿದೆ. ಅವತ್ತಿನಿಂದ ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ ಎದೆ ಹೊಡೆದುಕೊಳ್ಳುತ್ತದೆ. ದೇವಿ ಮಗನಿಗೆ ಏನಾದರೂ ಮಾಡಿಬಿಟ್ಟರೆ? 'ದೇವರ ಮೇಲೆ ಭಾರ ಹಾಕಿ ಸುಮ್ಮನಿರು' ಎನ್ನುತ್ತಾರೆ ಅತ್ತೆ. ಹೇಗೆ ಹಾಕುವುದು? ಹರಕೆಯನ್ನು ಏನು ಮಾಡುವುದು?
(ಹೆಸರು ಬೇಡ, ಸಕಲೇಶಪುರ)

ಅಕ್ಕ, ನಿಮ್ಮನ್ನು ಜಾಸ್ತಿ ಕಾಡುತ್ತಿರುವ ಭಯಕ್ಕೆ ಮೊದಲು ಉತ್ತರ ಹೇಳುತ್ತೇನೆ. ನೀವು ಆಡಿದ ಸುಳ್ಳಿಗೆ ದೇವಿ ನಿಮ್ಮ ಮಗನ ಮೇಲೆ ಮುನಿಯುವುದಿಲ್ಲ. ಅಮ್ಮನ ತಪ್ಪಿಗೆ ಮಗನಿಗೆ ಹೊಡೆಯುವವಳನ್ನು ನೀವು ಇಷ್ಟು ವರ್ಷ ತಾಯಿ ಅಂತ ಕರೆಯುತ್ತಿದ್ದಿರಾ? ಇಲ್ಲ ಅಲ್ವಾ. ನಿಮ್ಮ ನಿದ್ದೆ ಕೆಡಿಸುತ್ತಿರುವುದು ಮಗನ ಹತ್ತಿರ ಮುಚ್ಚಿಟ್ಟ ಮಾತು ಅಂತ ನನಗೆ ಅನ್ನಿಸುತ್ತದೆ.

ನಿಮ್ಮ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಆಲೂರು, ಸಕಲೇಶಪುರ, ಬೇಲೂರು ಕಡೆ ಬೆಳಿಗ್ಗೆ ತೋಟಕ್ಕೆ ಹೋದವರು ವಾಪಸ್ ಬಾರದ ಮನೆಗಳಿವೆ. 2023ರ ಡಿಸೆಂಬರ್‌ನಲ್ಲಿ ಯಸಳೂರು ಕಡೆ ಕಾಡಾನೆ ಹಿಡಿಯುವ ಕೆಲಸಕ್ಕೆ ಬಂದಿದ್ದ ಅರ್ಜುನ ಸತ್ತ. ದಸರಾದಲ್ಲಿ ಎಂಟು ಸಲ ಅಂಬಾರಿ ಹೊತ್ತ ಆನೆ ಅದು. ಅಂಥ ಜಾಗದಲ್ಲಿ ಇರುವ ತಾಯಿಗೆ ಹೆದರಬೇಡ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಬೆಲೆಯ ವಿಷಯವೂ ಹಾಗೇ. 2024ರ ಹೊತ್ತಿಗೆ ಕಾಫಿಗೆ ಸಿಕ್ಕ ಬೆಲೆಯನ್ನು ನಿಮ್ಮ ಮಗ ನೋಡಿದ್ದಾನೆ. 2000ದ ದಶಕದ ಶುರುವಿನಲ್ಲಿ ಬೆಲೆ ಬಿದ್ದಾಗ ಪಟ್ಟ ಪಾಡನ್ನು ನೀವು ನೋಡಿದ್ದೀರಿ.

ಆದರೆ ಚೀಟಿ, ಹರಕೆ, ಹೂ, ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ ಅಕ್ಕ. ಮೂರರಲ್ಲೂ ಉತ್ತರ ಮೊದಲೇ ನಿಮ್ಮ ಹತ್ತಿರ ಇತ್ತು. ದೇವರು ಅದಕ್ಕೆ ಹೂಂ ಅನ್ನಬೇಕಿತ್ತು ಅಷ್ಟೇ. ಅನ್ನದೇ ಇದ್ದಾಗ ನೀವೇ ಉತ್ತರ ತಿದ್ದಿದಿರಿ. ಹರಕೆ ಹೊರುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕಷ್ಟ ಬಂದಾಗ ಹರಕೆ ಹೊರದ ಮನೆ ನಮ್ಮ ಮಲೆನಾಡಿನಲ್ಲಿ ಎಲ್ಲಿದೆ? ಯಜಮಾನರ ಮೈ ಹುಷಾರಾಗಲಿ ಅಂತ ಹೊತ್ತಿದ್ದರೆ ನಾನು ತುಟಿ ಬಿಚ್ಚುತ್ತಿರಲಿಲ್ಲ. ಬೆಳೆದ ಮಗನ ತೀರ್ಮಾನ ನನ್ನ ಇಷ್ಟದಂತೆಯೇ ಆಗಲಿ ಅಂತ ಹೊತ್ತಾಗ, ಭಾರ ಹಾಕುವ ಹೆಸರಲ್ಲಿ ಹಿಡಿತ ಬಿಗಿಯಾಗುತ್ತದೆ.

ಭಾರ ಹಾಕುವುದು ನಿಮಗೆ ಬಾರದ ವಿದ್ಯೆಯೇನಲ್ಲ. ಮಾರ್ಚ್ ಬಂತೆಂದರೆ ಹೂ ಮಳೆಗೆ ಕಾಯುತ್ತೀರಿ. ಕೆರೆಯಲ್ಲಿ ನೀರಿದ್ದರೆ ರೊಬಸ್ಟಾಗೆ ಸ್ಪ್ರಿಂಕ್ಲರ್ ಹಾಕುತ್ತೀರಿ. ಇಲ್ಲದಿದ್ದರೆ ಆಕಾಶ ನೋಡುತ್ತೀರಿ. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಹೂ ಅರಳುತ್ತದೆ. ಅರಳಿದ ದಿನವೇ ಜೋರು ಮಳೆ ಹೊಡೆದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಆಮೇಲೆ ಇನ್ನೊಂದು ಮಳೆ ಬೇಕು. ಇದ್ಯಾವುದೂ ನಿಮ್ಮ ಕೈಯಲ್ಲಿಲ್ಲ. ಹಾಗಂತ ಮರಗಸಿ, ನೆರಳಿನ ಮರದ ಕೊಂಬೆ ಕಡಿಸುವುದು, ಬಿಟ್ಟಿದ್ದೀರಾ? ಗೊಬ್ಬರ ಬಿಟ್ಟಿದ್ದೀರಾ? ರೋಗಕ್ಕೆ ಬೋರ್ಡೋ ಔಷಧಿ ಹೊಡೆಸುವುದು ಬಿಟ್ಟಿದ್ದೀರಾ? ನಿಮ್ಮ ಪಾಲಿನದು ಮಾಡಿ, ಉಳಿದದ್ದು ದೇವರಿಗೆ ಬಿಟ್ಟು ರಾತ್ರಿ ಮಲಗುತ್ತಿದ್ದಿರಿ. ಮಗನ ವಿಷಯದಲ್ಲಿ ಮಾತ್ರ ಫಲವೂ ನನ್ನ ಕೈಯಲ್ಲೇ ಇರಬೇಕು ಅನ್ನಿಸುತ್ತಿದೆ.

ಹಾಗಾದರೆ ಇಲ್ಲಿ ನಿಮ್ಮ ಪಾಲಿನದು ಯಾವುದು? ಮೊದಲನೆಯದು, ನಿಜ ಹೇಳುವುದು. ಫೋನಿನಲ್ಲಿ ಬೇಡ, ಮಗ ಊರಿಗೆ ಬಂದಾಗ ಎದುರಿಗೆ ಕೂರಿಸಿಕೊಂಡು ಹೇಳಿ. 'ಹೂ ಬಲಗಡೆ ಬಿತ್ತು ಮಗಾ. ನನಗೆ ಹೆದರಿಕೆಯಾಗಿ ಸುಳ್ಳು ಹೇಳಿದೆ.' ಇಷ್ಟೇ ಸಾಕು. ಕೋಪ ಮಾಡಿಕೊಂಡರೆ ಮಾಡಿಕೊಳ್ಳಲಿ. ನಿಮ್ಮ ಮಾತನ್ನು ನಂಬಿ ತೀರ್ಮಾನವನ್ನೇ ನಿಮ್ಮ ಕೈಗೆ ಕೊಟ್ಟಿದ್ದ ಹುಡುಗ ಅವನು.

ಆಮೇಲೆ ಕೇಳಬೇಕಾದ್ದನ್ನೆಲ್ಲ ಕೇಳಿ. ಬಲಗಡೆ ಹೂ ಬಿತ್ತು ಅಂದ ಮಾತ್ರಕ್ಕೆ ಲಾಭ ಬರುತ್ತದೆ, ಆನೆ ಬರುವುದಿಲ್ಲ ಅಂತಲ್ಲ. ತೋಟದ ನಾಲ್ಕೈದು ವರ್ಷದ ಲೆಕ್ಕ ಅವನ ಮುಂದೆ ಇಡಿ, ಸಾಲ ಇದ್ದರೆ ಅದನ್ನೂ. ಎಂಟು ಎಕರೆ ಎರಡು ಸಂಸಾರ ಸಾಕುತ್ತದಾ? ಕೆಲಸ ಬಿಟ್ಟರೆ ಕಂಪನಿಯ ಆರೋಗ್ಯ ವಿಮೆ ಹೋಗುತ್ತದೆ, ಅಪ್ಪನಿಗೆ ಬೇರೆ ವಿಮೆ ಸಿಗುತ್ತದಾ? ಮನೆಯಿಂದಲೇ ಆಫೀಸ್ ಕೆಲಸ ಮಾಡಿಕೊಂಡು ಒಂದು ಕೊಯ್ಲು ಮುಗಿಯುವ ತನಕ ಇದ್ದು ನೋಡಲು ಆಗುತ್ತದಾ? ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ, ಒಮ್ಮೆ ಹೋಗಿ ಮಾತಾಡಿಕೊಂಡು ಬರಲಿ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯವರು ಕಳಿಸುವ ಮೆಸೇಜ್ ನೋಡದೆ, ನಸುಕಿನಲ್ಲಿ ಒಬ್ಬನೇ ತೋಟಕ್ಕೆ ಇಳಿಯಬಾರದು ಅಂತ ಖಡಕ್ಕಾಗಿ ಹೇಳಿ. ಇದೆಲ್ಲ ಕೇಳಿದರೆ ದೇವರಲ್ಲಿ ನಂಬಿಕೆ ಕಡಿಮೆ ಅಂತ ಅಲ್ಲ, ಅಕ್ಕ. ಇದು ಗೊಬ್ಬರ ಹಾಕಿದ ಹಾಗೆ, ಮಾಡಲೇಬೇಕಾದ ಕೆಲಸ.

ಅವನು ಉತ್ತರ ಕೊಟ್ಟು ಒಂದು ತೀರ್ಮಾನಕ್ಕೆ ಬಂದ ಮೇಲೆ ಕೈ ಬಿಡಿ. ಚಿಕ್ಕಮ್ಮನ ಹತ್ತಿರ ಹೇಳಿಸುವುದು, ಊಟ ಬಿಡುವುದು, ಇನ್ನೊಂದು ದೇವಸ್ಥಾನಕ್ಕೆ ಹೋಗಿ ಮತ್ತೆ ಹೂ ಕೇಳುವುದು, ಯಾವುದೂ ಬೇಡ. ಕಷ್ಟದ ಭಾಗ ಇದೇ. ಒಂದೇ ದಿನಕ್ಕೆ ಆಗುವುದಿಲ್ಲ. ಬೆಳಿಗ್ಗೆ ದೀಪ ಹಚ್ಚುವಾಗ ಬಿಟ್ಟದ್ದನ್ನು ಮಧ್ಯಾಹ್ನದ ಹೊತ್ತಿಗೆ ಮತ್ತೆ ಎತ್ತಿಕೊಂಡಿರುತ್ತೀರಿ. ಗೊತ್ತಾದಾಗ ಮತ್ತೆ ಬಿಡಿ.

ಇನ್ನೊಂದು ಮಾತು. ನಿಮ್ಮ ಪತ್ರದಲ್ಲಿ ಯಜಮಾನರು ಏನು ಹೇಳುತ್ತಾರೆ ಅನ್ನೋದು ಎಲ್ಲೂ ಇಲ್ಲ. ತೋಟ ಅವರದೂ ಹೌದು, ಮಗ ಅವರ ಮಗನೂ ಹೌದು. ಹಾರ್ಟ್ ಪೇಷಂಟ್ ಅಂತ ಅವರಿಂದ ಎಲ್ಲ ಮುಚ್ಚಿಟ್ಟು ಒಬ್ಬರೇ ಹೊರುತ್ತಿದ್ದೀರಾ? ಅವರ ಹತ್ತಿರ ಮಾತಾಡಿ. ನಿದ್ದೆ ಮತ್ತು ಎದೆಬಡಿತಕ್ಕೆ ಈ ವಾರವೇ ಡಾಕ್ಟರಿಗೆ ತೋರಿಸಿ. ರಾತ್ರಿ ತಡೆಯಲಾಗದಷ್ಟು ಗಾಬರಿಯಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಹರಕೆಯ ವಿಷಯ. ಅವನು ಬೆಂಗಳೂರಿನಲ್ಲಿ ಉಳಿದರೆ ಅಂತ ತಾನೇ ಹೊತ್ತಿದ್ದು? ಊರಿಗೆ ಬಂದರೆ ಬಾಕಿ ಏನೂ ಇಲ್ಲ. ಆದರೂ ಹೊರನಾಡಿಗೆ ಹೋಗಿ ಬನ್ನಿ. ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ಮೇಲೆ ಯಜಮಾನರು, ಅತ್ತೆ, ಮಗ ಎಲ್ಲರೂ ಒಟ್ಟಿಗೆ ಹೋಗಿ. ಅನ್ನಪೂರ್ಣೇಶ್ವರಿಯ ಮನೆಯಲ್ಲಿ ಬಂದವರಿಗೆಲ್ಲ ಊಟ ಇದೆ, ಕೂತು ಊಟ ಮಾಡಿ. ಕೈ ಮುಗಿಯುವಾಗ 'ಇವನನ್ನು ನೋಡಿಕೊ ತಾಯಿ' ಅನ್ನಿ. ಎಲ್ಲಿಟ್ಟು ನೋಡಿಕೊಳ್ಳಬೇಕು ಅಂತ ಸೇರಿಸಬೇಡಿ.