ಓದುಗರ ಪ್ರಶ್ನೆ: ಸುಮ್ನೆ ಕೂತ ಕನೆಕ್ಷನ್‌ಗಳು ಸರ್ವರ್ ಕೆಡವುತ್ತಿವೆ

ಪ್ರಶ್ನೆ: ಪುಣೆಯ ಹಡಪ್ಸರ್‌ನಲ್ಲಿ ನಮ್ಮದೊಂದು ಪುಟ್ಟ ಕಂಪನಿ. ಲಾರಿಗಳಲ್ಲಿರುವ ಜಿಪಿಎಸ್ ಪೆಟ್ಟಿಗೆಗಳು ಕಳಿಸುವ ಮಾಹಿತಿ ತಗೊಳ್ಳುವ ಸರ್ವರ್ ಪ್ರೋಗ್ರಾಂ ನಾನೇ ಬರೆದದ್ದು. ಲಿನಕ್ಸ್, ಸಿ ಭಾಷೆ, ಒಳಗೆ ಸೆಲೆಕ್ಟ್ (ಯಾವ ಕನೆಕ್ಷನ್‌ನಲ್ಲಿ ಏನಾದರೂ ಬಂದಿದೆಯಾ ಅಂತ ತಿಳಿಸುವ ಫಂಕ್ಷನ್). ಆಗಾಗ ಅದು ಹೊಸ ಕನೆಕ್ಷನ್ ತಗೊಳ್ಳುವುದನ್ನೇ ನಿಲ್ಲಿಸುತ್ತದೆ. ಸಿಪಿಯು ಮಾತ್ರ 100ಕ್ಕೆ ಹೋಗಿರುತ್ತದೆ, ಲಾಗ್ ತುಂಬಾ ‘ಟೂ ಮೆನಿ ಓಪನ್ ಫೈಲ್ಸ್’. ಫೈಲ್ ಮಿತಿಯನ್ನು 1024ರಿಂದ 65535ಕ್ಕೆ ಏರಿಸಿದೆ. ಈಗ ನಿಲ್ಲುವುದಿಲ್ಲ, ಕ್ರ್ಯಾಶ್ ಆಗುತ್ತದೆ! ಗ್ರಾಹಕರು ಮಾಡಿಸಿದ ಸೆಕ್ಯುರಿಟಿ ಆಡಿಟ್‌ನಲ್ಲಿ ಇದನ್ನು ‘ಡಿನಯಲ್ ಆಫ್ ಸರ್ವಿಸ್ ದೋಷ’ ಅಂತ, ಅಂದರೆ ಯಾರಾದರೂ ಬೇಕಂತಲೇ ಸೇವೆ ನಿಲ್ಲಿಸಬಹುದು ಅಂತ ಬರೆದಿದ್ದಾರೆ. ನಮ್ಮಂಥವರ ಮೇಲೆ ಯಾರು ದಾಳಿ ಮಾಡ್ತಾರೆ ಸರ್? ದೊಡ್ಡ ಮೆಷಿನ್ ತಗೊಂಡರೆ ಸರಿಹೋಗುತ್ತಾ?

ಉತ್ತರ: ಇಲ್ಲ, ದುಡ್ಡು ದಂಡ. ಮೊದಲು ಆ ಕ್ರ್ಯಾಶ್ ವಿಷಯ ಮುಗಿಸೋಣ, ಯಾಕಂದ್ರೆ ಮೊದಲಿದ್ದ ತೊಂದರೆಗಿಂತ ಅದು ಅಪಾಯ. ಸೆಲೆಕ್ಟ್ ಬಳಸುವ ಪಟ್ಟಿಯಲ್ಲಿ ಜಾಗ ಇರೋದು 1024 ಫೈಲ್ ನಂಬರುಗಳಿಗೆ ಮಾತ್ರ, 0ರಿಂದ 1023ರವರೆಗೆ (ಲಿನಕ್ಸ್ ಪ್ರತಿ ಕನೆಕ್ಷನ್‌ಗೂ ಒಂದು ಫೈಲ್ ನಂಬರ್ ಕೊಡುತ್ತದೆ). ನೀವು ಹೊರಗಿನ ಮಿತಿ ಏರಿಸಿದಿರಿ, ಒಳಗಿನ ಪಟ್ಟಿ ಅಷ್ಟೇ ಉಳಿಯಿತು. 1024ನೇ ನಂಬರಿನ ಕನೆಕ್ಷನ್ ಬಂದಾಗ ನಿಮ್ಮ ಪ್ರೋಗ್ರಾಂ ಪಟ್ಟಿಯ ಆಚೆ, ಬೇರೆ ಯಾವುದೋ ಮೆಮೊರಿ ಮೇಲೆ ಬರೆಯುತ್ತದೆ. ಅಂದರೆ ನಿಲ್ಲುತ್ತಿದ್ದ ಸರ್ವರನ್ನು ನೀವು ಮೆಮೊರಿ ಕೆಡಿಸುವ ಸರ್ವರ್ ಮಾಡಿದ್ದೀರಿ. ಇವತ್ತೇ ಮಿತಿಯನ್ನು 1024ಕ್ಕೆ ಇಳಿಸಿ, ಆಮೇಲೆ ನಿಧಾನವಾಗಿ ಇದೇ ಕೆಲಸ ಮಾಡುವ, ಆದರೆ ಈ 1024ರ ಕಟ್ಟು ಇಲ್ಲದ ಪೋಲ್ ಅಥವಾ ಈಪೋಲ್‌ಗೆ ಬದಲಾಯಿಸಿ.

ಇನ್ನು ದಾಳಿ ಯಾರು ಮಾಡ್ತಾರೆ ಅಂತ ಕೇಳಿದಿರಿ. ನನಗೆ ಅನುಮಾನ ಇರೋದು ನಿಮ್ಮ ಲಾರಿಗಳ ಮೇಲೇ! ಲಾರಿ ಖಂಬಾಟ್ಕಿ ಘಾಟಿನಲ್ಲಿ ಸುರಂಗದೊಳಗೆ ಹೋಯಿತು, ಸಿಗ್ನಲ್ ಹೋಯಿತು, ಆಚೆ ಬಂದ ಮೇಲೆ ಪೆಟ್ಟಿಗೆ ಹೊಸ ಕನೆಕ್ಷನ್ ಮಾಡಿಕೊಂಡಿತು ಅಂದುಕೊಳ್ಳಿ. ಹಳೇದು ಸತ್ತಿದೆ ಅಂತ ಸರ್ವರಿಗೆ ಹೇಳುವವರು ಯಾರು? ನೀವು ಏನನ್ನೂ ಕಳಿಸದೆ ಬರೀ ಕಾಯುತ್ತಿದ್ದರೆ ಕನೆಕ್ಷನ್ ನಡೆಸುವ ಟಿಸಿಪಿಗೆ ಅದು ಗೊತ್ತೇ ಆಗುವುದಿಲ್ಲ. ಕೀಪ್‌ಅಲೈವ್ (‘ಇನ್ನೂ ಇದ್ದೀಯಾ’ ಅಂತ ವಿಚಾರಿಸುವ ಸೌಲಭ್ಯ) ಆನ್ ಮಾಡಿದ್ದರೂ ಲಿನಕ್ಸ್ ಮೊದಲ ಸಲ ವಿಚಾರಿಸುವುದು 2 ಗಂಟೆ ಬಿಟ್ಟು. ಅಷ್ಟರಲ್ಲಿ ಇಂಥ ಸತ್ತ ಕನೆಕ್ಷನ್‌ಗಳು ಎಷ್ಟು ಸೇರಬಹುದು, ಲೆಕ್ಕ ಹಾಕಿ. ‘ಎಸ್‌ಎಸ್’ ಕಮಾಂಡ್ ಓಡಿಸಿದರೆ ತೆರೆದಿರುವ ಕನೆಕ್ಷನ್‌ಗಳ ಪಟ್ಟಿ ಕಣ್ಣಿಗೇ ಕಾಣುತ್ತದೆ.

ಹಾಗಂತ ಆಡಿಟ್‌ನವರು ಹೇಳಿದ್ದು ತಪ್ಪಲ್ಲ. ಲಾರಿ ಗೊತ್ತಿಲ್ಲದೆ ಮಾಡುವುದನ್ನು ಒಬ್ಬ ಹುಡುಗ ಲ್ಯಾಪ್‌ಟಾಪ್ ಇಟ್ಟುಕೊಂಡು ಬೇಕಂತಲೇ ಮಾಡಬಹುದು. 2009ರಲ್ಲಿ ಬಂದ ಸ್ಲೋಲೋರಿಸ್ ಅನ್ನುವ ದಾಳಿ ಪ್ರೋಗ್ರಾಂ ಮಾಡಿದ್ದೂ ಹೆಚ್ಚುಕಮ್ಮಿ ಇದನ್ನೇ: ನೂರಾರು ಕನೆಕ್ಷನ್ ತೆರೆ, ಅರ್ಧ ರಿಕ್ವೆಸ್ಟ್ ಕಳಿಸು, ಆಗೊಮ್ಮೆ ಈಗೊಮ್ಮೆ ಒಂದು ಸಾಲು ಸೇರಿಸು. ಮಧ್ಯಾಹ್ನದ ರಶ್‌ನಲ್ಲಿ ಮಾಟುಂಗಾದ ಉಡುಪಿ ಹೋಟೆಲಿಗೆ ಬಂದು ಕೂತು ‘ಯೋಚಿಸ್ತಾ ಇದ್ದೀನಿ ಅಣ್ಣಾ’ ಅಂತ ಗಂಟೆಗಟ್ಟಲೆ ಮೆನು ತಿರುವಿದ ಹಾಗೆ.

ಹಾಗಾಗಿ ಗಡುವು ಇಡಿ. ಕನೆಕ್ಷನ್ ಆಗಿ 10 ಸೆಕೆಂಡಿನಲ್ಲಿ ಪೆಟ್ಟಿಗೆಯ ಗುರುತು ಹೇಳುವ ಪೂರ್ತಿ ಸಂದೇಶ ಬರಲಿಲ್ಲವೇ, ಕಟ್. ಇಲ್ಲಿ ಬಹಳ ಜನ ಒಂದು ತಪ್ಪು ಮಾಡ್ತಾರೆ (ನಾನೂ ಮಾಡಿದ್ದೇನೆ), ಪ್ರತಿ ಬೈಟ್ ಬಂದಾಗಲೂ ಗಡಿಯಾರವನ್ನು ಮತ್ತೆ ಸೊನ್ನೆಗೆ ತರುತ್ತಾರೆ. ಆಗ 9 ಸೆಕೆಂಡಿಗೊಂದು ಬೈಟ್ ಕಳಿಸುವವನು ಆರಾಮಾಗಿ ಕೂತೇ ಇರುತ್ತಾನೆ. ಗಡುವು ಕನೆಕ್ಷನ್ ಆದ ಕ್ಷಣದಿಂದಲೇ ಲೆಕ್ಕ. ಅಪಾಚೆ ವೆಬ್ ಸರ್ವರಿನ 2.4ರಲ್ಲಿ ಇದಕ್ಕೇ ಇರುವ ಮಾಡ್ಯೂಲು ಹೆಡರ್‌ಗೆ (ರಿಕ್ವೆಸ್ಟಿನ ಮೊದಲ ಭಾಗಕ್ಕೆ) 20 ಸೆಕೆಂಡ್ ಕೊಡುತ್ತದೆ, ಡೇಟಾ ತಕ್ಕಷ್ಟು ವೇಗದಲ್ಲಿ ಬರ್ತಾ ಇದ್ದರೆ ಮಾತ್ರ 40ರವರೆಗೆ ಬಿಡುತ್ತದೆ, ಅದರಾಚೆ ಇಲ್ಲ. ಗುರುತು ಹೇಳಿದ ಪೆಟ್ಟಿಗೆಗಳಿಗೆ ಬೇರೆ ಲೆಕ್ಕ: 30 ಸೆಕೆಂಡಿಗೊಮ್ಮೆ ಮಾಹಿತಿ ಕಳಿಸಬೇಕಾದದ್ದು ಮೂರು ಸಲ ತಪ್ಪಿಸಿದರೆ ಮುಚ್ಚಿಬಿಡಿ.

ಒಂದು ಐಪಿಗೆ ಇಷ್ಟೇ ಕನೆಕ್ಷನ್ ಅನ್ನುವ ಮಿತಿ ಹಾಕಿ ಅಂತ ಯಾರಾದರೂ ಹೇಳಿಯೇ ಹೇಳ್ತಾರೆ. ಹುಷಾರು. ನಿಮ್ಮ ಪೆಟ್ಟಿಗೆಗಳಲ್ಲಿ ಇರೋದು ಮೊಬೈಲ್ ಸಿಮ್, ಮೊಬೈಲ್ ಕಂಪನಿಗಳು ಒಂದೇ ಐಪಿಯ ಹಿಂದೆ ಎಷ್ಟೋ ಸಿಮ್‌ಗಳನ್ನು ಕೂರಿಸಿರುತ್ತವೆ. ಕಣ್ಣುಮುಚ್ಚಿ ಮಿತಿ ಹಾಕಿದರೆ ನಿಮ್ಮದೇ ಲಾರಿಗಳು ಬಾಗಿಲಾಚೆ. ಇನ್ನೂ ಗುರುತು ಹೇಳದ ಕನೆಕ್ಷನ್‌ಗಳಿಗೆ ಮಾತ್ರ ಒಟ್ಟು ಮಿತಿ ಇಡಿ.

ಸಿಪಿಯು ಯಾಕೆ 100ಕ್ಕೆ ಹೋಯಿತು ಅನ್ನೋದೂ ಇದಕ್ಕೇ ಅಂಟಿದೆ. ಫೈಲ್ ನಂಬರ್‌ಗಳೆಲ್ಲ ಮುಗಿದಾಗ, ಹೊಸ ಕನೆಕ್ಷನ್ ಒಳಗೆ ತಗೊಳ್ಳುವ ಆಕ್ಸೆಪ್ಟ್ ಸೋಲುತ್ತದೆ, ಆದರೆ ಬಂದವನು ಸರದಿಯಲ್ಲೇ ನಿಂತಿರುತ್ತಾನೆ. ಸೆಲೆಕ್ಟ್ ‘ಯಾರೋ ಬಂದಿದ್ದಾರೆ’ ಅನ್ನುತ್ತದೆ, ಆಕ್ಸೆಪ್ಟ್ ಮತ್ತೆ ಸೋಲುತ್ತದೆ, ಲೂಪ್ ಗಿರಗಿರ ತಿರುಗುತ್ತದೆ. ಇದಕ್ಕೊಂದು ಹಳೇ ಉಪಾಯ ಇದೆ, ನನಗೆ ತುಂಬಾ ಇಷ್ಟವಾದದ್ದು. ಪ್ರೋಗ್ರಾಂ ಶುರುವಾಗುವಾಗಲೇ ಡೆವ್-ನಲ್ ಫೈಲನ್ನು (ಲಿನಕ್ಸ್‌ನಲ್ಲಿ ಸದಾ ಇರುವ ಖಾಲಿ ಫೈಲು) ತೆರೆದು ಒಂದು ನಂಬರ್ ಮೀಸಲಿಡಿ. ಇಕ್ಕಟ್ಟು ಬಂದಾಗ ಅದನ್ನು ಮುಚ್ಚಿ, ಖಾಲಿಯಾದ ಜಾಗದಲ್ಲಿ ಆ ಕನೆಕ್ಷನ್ ತಗೊಂಡು ತಕ್ಷಣ ಕಟ್ ಮಾಡಿ, ಡೆವ್-ನಲ್ ಮತ್ತೆ ತೆರೆದಿಡಿ.

ಅಂದಹಾಗೆ ಸಂದೇಶದ ಮೊದಲ 4 ಬೈಟ್ ಅದರ ಉದ್ದ ಹೇಳುತ್ತದೆಯೇ? ಹಾಗಿದ್ದರೆ ಅದನ್ನು ನಂಬಿ ಮೆಮೊರಿ ಕೇಳಬೇಡಿ, ಆ 4 ಬೈಟಿನಲ್ಲಿ 4 ಜಿಬಿವರೆಗೆ ಬರೆಯಬಹುದು! ಸರಿಪಡಿಸುವ ಮುಂಚೆ ಟೆಸ್ಟ್ ಮೆಷಿನ್ ಮೇಲೆ 2000 ಸುಮ್ಮನಿರುವ ಕನೆಕ್ಷನ್ ತೆರೆಯುವ ಒಂದು ಸ್ಕ್ರಿಪ್ಟ್ ಬರೆದು ಸರ್ವರ್ ಬೀಳುವುದನ್ನು ನೋಡಿ. ಸರಿಪಡಿಸಿದ ಮೇಲೆ ಅದನ್ನೇ ಓಡಿಸಿ, ಆಡಿಟ್‌ನವರಿಗೂ ತೋರಿಸಿ.

ಪ್ರಶ್ನೆ: ಡೊಂಬಿವ್ಲಿಯಲ್ಲಿ ನಮ್ಮ ಕನ್ನಡ ಸಂಘದ ವೆಬ್‌ಸೈಟಿಗೆ ಎಚ್‌ಟಿಟಿಪಿಎಸ್ ಹಾಕಿಸಿದ್ದೇವೆ. ಸುಮ್ನೆ ಕನೆಕ್ಷನ್ ಹಿಡಿದು ಕೂರುವ ಇಂಥ ದಾಳಿ ಇನ್ನು ತಟ್ಟುವುದಿಲ್ಲ ಅಲ್ವಾ?

ಉತ್ತರ: ತಟ್ಟುತ್ತದೆ. ಎಚ್‌ಟಿಟಿಪಿಎಸ್ ಮಾತನ್ನು ಮೂರನೆಯವರ ಕಿವಿಗೆ ಬೀಳದಂತೆ, ದಾರಿಯಲ್ಲಿ ಯಾರೂ ತಿದ್ದದಂತೆ ಕಾಯುತ್ತದೆ, ಬಾಗಿಲಲ್ಲಿ ಜನ ತುಂಬುವುದನ್ನು ತಡೆಯುವುದಿಲ್ಲ. ಹಾಗಂತ ತೆಗೆಸಬೇಡಿ ಮತ್ತೆ!