ಪಿನ್ ಚುಚ್ಚಿದ ಕೌದಿಯನ್ನು ಮಳೆಗಾಲಕ್ಕೆ ಮಡಚಿಡಬೇಡಿ

ನಮ್ಮ ಹೊಲಿಗೆ ಗುಂಪಿನಲ್ಲಿ ನೀವು ಹಾಕಿದ ಕೌದಿಯ ಫೋಟೋ ನೋಡಿದ ಕೂಡಲೇ ಬರೆಯುತ್ತಿದ್ದೇನೆ. ಮೂರು ಪದರಗಳಲ್ಲಿ, ಅಂದರೆ ಜೋಡಿಸಿದ ಮೇಲ್ಬಟ್ಟೆ, ನಡುವಿನ ಅರಳೆ, ಹಿಂಬದಿ ಬಟ್ಟೆ ಇವುಗಳಲ್ಲಿ, ಮೇಲ್ಪದರ ತುಂಬಾ ಚೆನ್ನಾಗಿ ಬಂದಿದೆ. ಇಟ್ಟಿಗೆ ಬಣ್ಣದ ಚೌಕಗಳ ಮೂಲೆಗಳು ಒಂದಕ್ಕೊಂದು ಸರಿಯಾಗಿ ಕೂಡಿವೆ, ಅದು ಸುಲಭದ ಕೆಲಸ ಅಲ್ಲ. ಆದರೆ ಫೋಟೋ ಕೆಳಗೆ ಬರೆದಿದ್ದೀರಲ್ಲ, "ಮೂರೂ ಪದರ ಸೇರಿಸಿ ಪಿನ್ ಹಾಕಿ ಆಯಿತು, ಇನ್ನು ಮಡಚಿಟ್ಟು ಗದ್ದೆ ಕೆಲಸ ಮುಗಿದ ಮೇಲೆ ದೀಪಾವಳಿ ಹೊತ್ತಿಗೆ ಹೊಲಿಯುತ್ತೇನೆ" ಅಂತ, ಅದನ್ನು ಓದಿ ಎದೆ ಧಸಕ್ಕೆಂದಿತು. ದಯವಿಟ್ಟು ಹಾಗೆ ಮಾಡಬೇಡಿ. ಮೃಗಶಿರ ಮಳೆ ಹಿಡಿಯುವ ಮೊದಲು ಆ ಪಿನ್ನುಗಳನ್ನು ಅಷ್ಟೂ ತೆಗೆಯಿರಿ. ಒಂದೂ ಉಳಿಯಬಾರದು.

ಮೇಲಿನ ಕಾಮೆಂಟುಗಳಲ್ಲಿ ಇಬ್ಬರು "ಸೇಫ್ಟಿ ಪಿನ್ ಆದ್ರೆ ಏನೂ ಆಗಲ್ಲ, ನಮ್ಮದು ವರ್ಷವಿಡೀ ಹಾಗೇ ಇತ್ತು" ಅಂದಿದ್ದಾರೆ. ಅವರ ಊರಲ್ಲಿ ಆಗದೆ ಇರಬಹುದು. ಬಯಲುಸೀಮೆಯ ಒಣ ಗಾಳಿಯಲ್ಲಿ ನಡೆಯುವುದು ನಮ್ಮಲ್ಲಿ ನಡೆಯುವುದಿಲ್ಲ. ನಾನಿರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ನಮ್ಮಲ್ಲಿ ಅಷ್ಟಿಲ್ಲ, ಆದರೂ ಆಷಾಢದಲ್ಲಿ ಉಪ್ಪಿನ ಡಬ್ಬಿ ನೀರೊಡೆಯುತ್ತದೆ, ಬೆಂಕಿಕಡ್ಡಿ ಗೀರಿದರೆ ಹತ್ತುವುದಿಲ್ಲ, ಒಳಗಿಟ್ಟ ಚರ್ಮದ ಚಪ್ಪಲಿಗೂ ಬೂಷ್ಟು ಬರುತ್ತದೆ. ಅಂಥ ಮನೆಯಲ್ಲಿ ಕಬ್ಬಿಣದ ಪಿನ್ನು ಹತ್ತಿ ಬಟ್ಟೆಯೊಳಗೆ ನಾಲ್ಕು ತಿಂಗಳು ಸುಮ್ನೆ ಇರುತ್ತದಾ?

ನಾನು ಮಾಡಿದ್ದೂ ಇದನ್ನೇ, ಐದು ವರ್ಷದ ಹಿಂದೆ. ಅಕ್ಕನ ಮಗಳ ಮದುವೆಗೆ ಅಂತ 60 ಇಂಚು ಅಗಲ, 90 ಇಂಚು ಉದ್ದದ ಕೌದಿ. ಅರ್ಧ ಬಟ್ಟೆ ಅಮ್ಮನ ಹಳೆ ವಾಯಿಲ್ ಸೀರೆಗಳದ್ದು, ಇನ್ನರ್ಧ ಅಡಿಕೆ ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ರಸದಲ್ಲಿ, ಅದ್ದಿದ ಕೈಮಗ್ಗದ ಬಟ್ಟೆ. ಮೇ ಕೊನೆಗೆ ಮೇಲ್ಪದರ ಮುಗಿಯಿತು. ಜಗುಲಿಯಲ್ಲಿ ಹಾಸಿ, ಕೈಯಗಲಕ್ಕೆ ಒಂದರಂತೆ ಪಿನ್ ಹಾಕಿದೆ. ಹೆಚ್ಚುಕಡಿಮೆ 300 ಪಿನ್ನು. ಅಷ್ಟರಲ್ಲಿ ಮಳೆ ಬಂತು, ನಾಟಿ, ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸುವ ಗಡಿಬಿಡಿ. ಥಂಡಿ (ಗಾಳಿಯ ತೇವ) ತಾಗಬಾರದು ಅಂತ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಟ್ರಂಕಿನೊಳಗೆ ಇಟ್ಟೆ. ಅದೂ ತಪ್ಪೇ. ಬಟ್ಟೆಯೊಳಗಿದ್ದ ತೇವಕ್ಕೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ.

ಚೌತಿ ಕಳೆದ ಮೇಲೆ ತೆಗೆದೆ. ಮೊದಲು ಬಂದದ್ದು ಹಳೆ ಗೋಣಿಚೀಲದ ವಾಸನೆ. ಮೊದಲ ಪಿನ್ ಬಿಚ್ಚಲು ಹೋದರೆ ಬಾಯಿ ಬಿಡಲಿಲ್ಲ. ಉಗುರಿನಿಂದ ಮೀಟಿದಾಗ ಕಂದು ಪುಡಿ ಉದುರಿತು. ಎಳೆದ ಜಾಗದಲ್ಲಿ ಎರಡು ಚುಕ್ಕೆ, ಅವುಗಳ ನಡುವೆ ಒಂದು ಗೆರೆ, ಪಿನ್ನಿನ ಸುರುಳಿ ತಾಗಿದ ಕಡೆ ಹೆಸರುಕಾಳಿನಷ್ಟು ಕಲೆ. ಅದು ಮೂರೂ ಪದರ ಇಳಿದು, ಮಡಿಕೆಯ ಆಚೆ ಬದಿಗೂ ಅಚ್ಚೊತ್ತಿತ್ತು. ಅಮ್ಮನ ಸೀರೆಯ ತುಂಡುಗಳ ಮೇಲೆ ತುಕ್ಕಿನ ಬಣ್ಣ. ಚೊಗರಿನ ಬಟ್ಟೆ ಮೇಲೆ ಮಾತ್ರ ಅಚ್ಚ ಕಪ್ಪು, ಮಸಿ ಚೆಲ್ಲಿದ ಹಾಗೆ. ಇನ್ನೂ 299 ಪಿನ್ ಬಿಚ್ಚುವುದಿತ್ತು. ಅವತ್ತು ಬಿಚ್ಚಲು ಆಗಲಿಲ್ಲ, ಹಾಗೇ ಮಡಚಿಟ್ಟು ಒಳಗೆ ಹೋದೆ.

ಬಾಳೆಕಾಯಿ ಹೆಚ್ಚಿದ ಕತ್ತಿ ಕಪ್ಪಾಗುವುದನ್ನು ನೋಡಿದ್ದೀರಲ್ಲ, ಇದೂ ಅದೇ. ಚೊಗರಿನ ತುಂಬ ಟ್ಯಾನಿನ್ ಎಂಬ ಒಗರಿನ ಅಂಶ ಇರುತ್ತದೆ. ಅದಕ್ಕೆ ಕಬ್ಬಿಣ ಸೇರಿದರೆ ಕಪ್ಪು ಹುಟ್ಟುತ್ತದೆ. ಬಣ್ಣ ಹಾಕುವವರು ಅಳಲೆಕಾಯಿಗೆ ಕಬ್ಬಿಣದ ನೀರು ಕೂಡಿಸಿ ಬೇಕೆಂದೇ ಕಪ್ಪು ತೆಗೆಯುತ್ತಾರೆ. ಹಾಗಾಗಿ ಅದನ್ನು ಕಲೆ ಅನ್ನುವುದಕ್ಕಿಂತ ಬಣ್ಣ ಅನ್ನಬೇಕು, ತೊಳೆದರೆ ಹೋಗುವುದಲ್ಲ. ನಿಮ್ಮ ಇಟ್ಟಿಗೆ ಬಣ್ಣದ ಚೌಕಗಳು ಚೊಗರಿನವು ಅಂತ ನೀವೇ ಬರೆದಿದ್ದೀರಿ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ದಾಳಿಂಬೆ ಸಿಪ್ಪೆಯಲ್ಲಿ ಅದ್ದಿದ ಹಳದಿ ಬಟ್ಟೆಗೂ ಇದೇ ಗತಿ.

ಸೀರೆ ತುಂಡುಗಳ ತುಕ್ಕು ಮಾತ್ರ ಮುಕ್ಕಾಲು ಭಾಗ ಹೋಯಿತು. ನಿಂಬೆರಸಕ್ಕೆ ಉಪ್ಪು ಸೇರಿಸಿ ಹಚ್ಚಿ, ಸಿಕ್ಕಿದ ಬಿಸಿಲಿಗೆ ಒಡ್ಡಿ, ತಣ್ಣೀರಲ್ಲಿ ತೊಳೆದೆ. ಎರಡು ಮೂರು ಸಲ ಮಾಡಬೇಕಾಯಿತು. ಬಿಂಬುಳಿ ಮರ ಇದ್ದವರು ಅದರ ರಸ ಹಚ್ಚಬಹುದು, ಅದರಲ್ಲಿ ಆಕ್ಸಾಲಿಕ್ ಆಮ್ಲ ಜಾಸ್ತಿ, ತುಕ್ಕನ್ನು ಚೆನ್ನಾಗಿ ಎಳೆಯುತ್ತದೆ. ಆದರೆ ಹುಳಿ ಯಾವುದೇ ಇರಲಿ, ಮೊದಲು ಚೂರು ಬಟ್ಟೆ ಮೇಲೆ ಪರೀಕ್ಷೆ ಮಾಡಿ. ನಾನು ದುಡುಕಿ ಚೊಗರಿನ ಬಟ್ಟೆಗೂ ನಿಂಬೆ ಹಚ್ಚಿದೆ, ಕಪ್ಪಿನ ಸುತ್ತ ಮಾಸಲು ಉಂಗುರ ಬೇರೆ ಬಂತು. ಇನ್ನೊಂದು ಮಾತು, ತುಕ್ಕಿಗೆ ಬ್ಲೀಚ್ ಹಾಕಲೇಬೇಡಿ. ಕ್ಲೋರಿನ್ ತಾಗಿದರೆ ತುಕ್ಕು ಇನ್ನೂ ಗಟ್ಟಿಯಾಗಿ ಕೂರುತ್ತದೆ. ಗುಂಪಿನಲ್ಲಿ ಯಾರೋ ವಾರಕ್ಕೊಮ್ಮೆ "ಸ್ವಲ್ಪ ಬ್ಲೀಚ್ ಹಾಕಿ ನೋಡಿ" ಅಂತ ಸಲಹೆ ಕೊಡುತ್ತಲೇ ಇರುತ್ತಾರೆ. ಸ್ವತಃ ಮಾಡಿ ನೋಡದೆ ಹೇಳಬೇಡಿ, ಇನ್ನೊಬ್ಬರ ತಿಂಗಳುಗಟ್ಟಲೆ ಕೆಲಸ ಅದು.

ಕಪ್ಪು ಉಳಿದ ಕಡೆಗೆಲ್ಲ ಎಲೆ ಆಕಾರದ ತುಂಡು ಕತ್ತರಿಸಿ ಮೇಲೆ ಹೊಲಿದೆ. ಮದುವೆಗೆ ಕೊಟ್ಟೆ, ಎಲ್ಲರೂ ಚೆನ್ನಾಗಿದೆ ಅಂದರು. ಆದರೂ ಯಾವ ಎಲೆಯ ಕೆಳಗೆ ಏನಿದೆ ಅಂತ ನನಗೆ ಗೊತ್ತು.

ಈಗ ಕೇಳುತ್ತೀರಿ, ಒಳ್ಳೆ ಪಿನ್ ತಗೊಂಡ್ರೆ ಆಯ್ತಲ್ವಾ? ಕಟ್ಟು ಲೆಕ್ಕದಲ್ಲಿ ಸಿಗುವ ಅಗ್ಗದ ಪಿನ್ನುಗಳು ಉಕ್ಕಿನವು, ಮೇಲೆ ತೆಳ್ಳಗೆ ನಿಕ್ಕಲ್ ಲೇಪ ಅಷ್ಟೇ. ಸುರುಳಿಯಲ್ಲಿ, ಮೊನೆಯಲ್ಲಿ ಲೇಪ ಸವೆಯುತ್ತದೆ, ತುಕ್ಕು ಅಲ್ಲಿಂದಲೇ ಶುರು. ಹಿತ್ತಾಳೆ ಪಿನ್ನಿಗೆ ತುಕ್ಕಿಲ್ಲ, ಆದರೆ ಥಂಡಿಯಲ್ಲಿ ಹಸಿರು ಕಿಲುಬು ಬಿಡುತ್ತದೆ. ಕ್ಲೋವರ್ ಕಂಪನಿಯ ಬಾಗಿದ ಪಿನ್ ನನ್ನ ಹತ್ತಿರ ಒಂದು ಡಬ್ಬಿ ಇದೆ, ಹಿಡಿಯಲು ಸುಖ, ಬೆಲೆ ಮಾತ್ರ ಜಾಸ್ತಿ. ಅದನ್ನೂ ನಾನು ಮೂರು ದಿನಕ್ಕಿಂತ ಹೆಚ್ಚು ಬಟ್ಟೆಯಲ್ಲಿ ಬಿಡುವುದಿಲ್ಲ. ಬೇಸಿಗೆಯಲ್ಲಿ ಪಿನ್ ಹಾಕಿ ಅದೇ ವಾರ ಮೆಷಿನ್ನಿನಲ್ಲಿ ಹೊಲಿದು ಮುಗಿಸುವವರಿಗೆ ಪಿನ್ ಸರಿ. ಅಂಟಿನ ಸ್ಪ್ರೇಯೂ ಅಷ್ಟೇ, ಎರಡು ದಿನದಲ್ಲಿ ಮುಗಿಸುವ ಸಣ್ಣ ಕೆಲಸಕ್ಕೆ.

ತಿಂಗಳುಗಟ್ಟಲೆ ಇಡುವುದಾದರೆ ಕಚ್ಚಾ ಹೊಲಿಗೆ ಒಂದೇ ದಾರಿ, ಅಂದರೆ ಪದರಗಳು ಜಾರದಂತೆ ಹಾಕಿ ಆಮೇಲೆ ಬಿಚ್ಚುವ ದೊಡ್ಡ ಹೊಲಿಗೆ. ಹೇಗೂ ಮೂರೂ ಪದರ ಹಾಸಿದ್ದೀರಿ, ಪಿನ್ನಿನ ಸಾಲನ್ನೇ ಹಿಡಿದು ಹೊಲಿಯುತ್ತಾ, ದಾಟಿದ ಪಿನ್ನನ್ನು ತೆಗೆಯುತ್ತಾ ಹೋಗಿ. ನಡುವಿನಿಂದ ಶುರು ಮಾಡಿ ಅಂಚಿನ ಕಡೆಗೆ. ಅಂಚಿನಿಂದ ನಡುವಿಗೆ ಬಂದರೆ ಮಧ್ಯದಲ್ಲಿ ಬಟ್ಟೆ ಉಬ್ಬಿ ನಿಲ್ಲುತ್ತದೆ, ಆಮೇಲೆ ಎಷ್ಟು ತಟ್ಟಿದರೂ ಕೂರುವುದಿಲ್ಲ. ಒಂದೊಂದು ಹೊಲಿಗೆ ಎರಡು ಬೆರಳಗಲ ಇದ್ದರೂ ಸಾಕು, ಸಾಲಿನಿಂದ ಸಾಲಿಗೆ ನಾಲ್ಕು ಇಂಚು. ಉದ್ದಕ್ಕೂ ಅಡ್ಡಕ್ಕೂ ಎರಡೂ ಹೊಡೆಯಿರಿ. ದಾರ ಬಿಳಿ ಅಥವಾ ತಿಳಿ ಬಣ್ಣದ ಹತ್ತಿಯದ್ದೇ ಇರಲಿ. ಕೆಂಪು ದಾರ ಎದ್ದು ಕಾಣುತ್ತದೆ ಅಂತ ಕೆಲವರು ಬಳಸುತ್ತಾರೆ, ಥಂಡಿಗೆ ಅದು ಬಣ್ಣ ಬಿಟ್ಟರೆ ಮತ್ತೊಂದು ಗೋಳು. ತುದಿಗೆ ಗಂಟು ಹಾಕಬೇಡಿ, ಹಿಂದಕ್ಕೊಂದು ಹೊಲಿಗೆ ಸಾಕು, ಬಿಚ್ಚುವಾಗ ಸುಲಭ. ಸೂಜಿ ಉದ್ದನೆಯದು ತಗೊಳ್ಳಿ, ಆದರೆ ದಬ್ಬಣ ಬೇಡ, ವಾಯಿಲ್‌ನಂಥ ತೆಳು ಬಟ್ಟೆಯಲ್ಲಿ ತೂತು ಉಳಿಯುತ್ತದೆ. ಕೆಲಸ ನಿಲ್ಲಿಸುವಾಗ ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿಟ್ಟು ಏಳಬೇಡಿ. ಅದೂ ಕಬ್ಬಿಣವೇ.

ಬಿಚ್ಚಿದ ಪಿನ್ನುಗಳನ್ನು ಎಣಿಸಿ. ಡಬ್ಬಿಯಲ್ಲಿ ಎಷ್ಟಿತ್ತು ಅಂತ ಗೊತ್ತಿಲ್ಲದಿದ್ದರೆ ಅಯಸ್ಕಾಂತ ಹಿಡಿದು ಬಟ್ಟೆ ಮೇಲೆ ಒಂದು ಸಲ ಓಡಾಡಿಸಿ. ಮೊಮ್ಮಗುವಿಗೆ ಅಂತ ಬರೆದಿದ್ದೀರಿ, ಒಳಗೆ ಒಂದು ಪಿನ್ ಉಳಿದರೂ ಅಪಾಯ.

ಹಾಸುವ ಜಾಗದ ಬಗ್ಗೆಯೂ ಒಂದು ಮಾತು. ನಿಮ್ಮ ಫೋಟೋದಲ್ಲಿ ಕಾಣುವುದು ಕೆಂಪು ರೆಡ್ ಆಕ್ಸೈಡ್ ನೆಲ ಅಲ್ವಾ? ಹಳೆಯದಾಗಿ ಉಜ್ಜಿಹೋದ ನೆಲ ಆದರೆ ಬಿಳಿ ಹಿಂಬದಿ ಬಟ್ಟೆಗೆ ಕೆಂಪು ಹತ್ತುತ್ತದೆ. ಕೆಳಗೆ ಹಳೆ ಬೆಡ್‌ಶೀಟ್ ಹಾಸಿಕೊಳ್ಳಿ.

ಇಡುವುದು ಹೇಗೆ? ಪ್ಲಾಸ್ಟಿಕ್ ಬೇಡವೇ ಬೇಡ. ತೊಳೆದ ಹತ್ತಿ ಸೀರೆಯಲ್ಲಿ ಸುತ್ತಿ, ಮಡಚದೆ ಸುರುಳಿ ಮಾಡಿ, ಗೋಡೆಗೆ ತಾಗದ ಹಾಗೆ ಎತ್ತರದಲ್ಲಿ ಇಡಿ. ಮಳೆ ಬಿಟ್ಟು ಒಂದು ಗಂಟೆ ಬಿಸಿಲು ಬಂದರೂ ಹೊರಗೆ ತಂದು ಹರವಿ. ಅಡುಗೆಮನೆ ಅಟ್ಟ ಬೆಚ್ಚಗಿರುತ್ತದೆ ನಿಜ, ಆದರೆ ಒಲೆ ಉರಿಸುವ ಮನೆಯಾದರೆ ಹೊಗೆ ಹಿಡಿದು ಬಟ್ಟೆ ಹಳದಿಯಾಗುತ್ತದೆ. ಗಂಜಿ ಹಾಕಿದ ಬಟ್ಟೆಯನ್ನಂತೂ ಮಳೆಗಾಲಕ್ಕೆ ಇಡಲೇಬಾರದು, ಬೂಷ್ಟಿಗೂ ಬೆಳ್ಳಿಹುಳಕ್ಕೂ ಅದು ಊಟ. ಕತ್ತರಿಸುವಾಗ ಬಟ್ಟೆ ಬಿಗಿ ಇರಲಿ ಅಂತ ಗಂಜಿ ಹಾಕಿದ್ದರೆ ಜೋಡಿಸಿ ಮುಗಿದ ಮೇಲೆ ತೊಳೆದುಬಿಡಿ.

ನಿಜ ಹೇಳಬೇಕೆಂದರೆ ಈಗ ನಾನು ಮಳೆಗಾಲಕ್ಕೆ ಪಿನ್ನೂ ಇಲ್ಲದ, ಕಚ್ಚಾ ಹೊಲಿಗೆಯೂ ಇಲ್ಲದ ಕೆಲಸವನ್ನೇ ಇಟ್ಟುಕೊಳ್ಳುತ್ತೇನೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೌದಿ ನೋಡಿದ್ದೀರಾ? ಅವರು ಮೊದಲು ಮೇಲ್ಪದರ ಜೋಡಿಸಿ ಆಮೇಲೆ ಹೊಲಿಯುವವರಲ್ಲ. ಅಡಿಯಲ್ಲಿ ಸೀರೆ, ಅದರ ಮೇಲೆ ಅಂಚಿನಿಂದ ತುಂಡು ಇಟ್ಟು, ಮಡಚಿ, ದಾರ ಓಡಿಸುತ್ತಾ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಮುಂದಿನ ತುಂಡಿನ ಅಂಚು ಹಿಂದಿನದರ ಅಡಿಗೆ ಹೋಗುತ್ತದೆ. ಜೋಡಿಸುವುದೂ ಹೊಲಿಯುವುದೂ ಒಟ್ಟೊಟ್ಟಿಗೆ. ಮುಗಿದ ಮೇಲೆ ನಾಲ್ಕು ಮೂಲೆಗೂ ಮಡಚಿದ ತುಂಡುಗಳ ಹೂವು, ಅದಕ್ಕೆ ಫೂಲ ಅನ್ನುತ್ತಾರೆ, ಅದಿಲ್ಲದೆ ಕೌದಿ ಪೂರ್ತಿ ಅಲ್ಲ. ಅಂಚಿನಿಂದ ನಡುವಿಗೆ ಬರಬೇಡಿ ಅಂತ ಈಗಷ್ಟೇ ಹೇಳಿದೆ, ಅದು ಮೂರೂ ಪದರ ಇಡಿಯಾಗಿ ಹಾಸಿದಾಗಿನ ಮಾತು. ಇಲ್ಲಿ ತುಂಡು ತುಂಡಾಗಿ ಸೇರಿಸುತ್ತಾ ಬರುವುದರಿಂದ ಹೆಚ್ಚಾದ ಬಟ್ಟೆಯನ್ನು ಅಲ್ಲಲ್ಲೇ ಮಡಚಬಹುದು. ತೊಡೆ ಮೇಲೆ ಹಾಕಿಕೊಂಡು ಹೊಲಿದರೆ ಆರಿದ್ರೆ ಮಳೆಯಲ್ಲಿ ಕಾಲಿಗೆ ಬೆಚ್ಚಗೂ ಆಗುತ್ತದೆ. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ದಾರಕ್ಕೆ ಆಂಕರ್ ಪರ್ಲ್ ಕಾಟನ್ 8ನೇ ನಂಬರು, ಅದಕ್ಕಿಂತ ಚೆನ್ನಾಗಿ ಕೂರುವ ದಾರ ನನಗೆ ಸಿಕ್ಕಿಲ್ಲ.

ನಡುವಿನ ಪದರಕ್ಕೆ ಅರಳೆ ತುಂಬಿದ್ದೀನಿ ಅಂದಿದ್ದೀರಿ. ಹಾಗಾದರೆ ದೀಪಾವಳಿಗೆ ಹಾಕುವ ಕೊನೆಯ ಹೊಲಿಗೆಯ ಸಾಲು ಎರಡು ಇಂಚಿಗಿಂತ ದೂರ ಇರಬಾರದು. ಬಿಡಿ ಅರಳೆ ಮೊದಲ ಒಗೆತಕ್ಕೇ ಉಂಡೆಗಟ್ಟುತ್ತದೆ. ಮುಂದಿನ ಸಲ ಅರಳೆ ಬಿಟ್ಟು ಮೂರು ನಾಲ್ಕು ಹಳೆ ಹತ್ತಿ ಸೀರೆ ಹಾಕಿ. ಪಾಲಿಯೆಸ್ಟರ್ ವ್ಯಾಡಿಂಗ್ ಬೇಗ ಒಣಗುತ್ತದೆ, ಒಪ್ಪುತ್ತೇನೆ, ಆದರೆ ಮಗುವಿಗೆ ಮೈ ಬೆವರುತ್ತದೆ.

ಗುರುತು ಹಾಕುವ ಪೆನ್ನಿನ ಬಗ್ಗೆ ಕೇಳಿದ್ದಿರಿ. ಗಾಳಿಗೆ ಮಾಸುವ ನೇರಳೆ ಪೆನ್ ನಮ್ಮ ಮಳೆಗಾಲಕ್ಕೆ ದುಡ್ಡು ದಂಡ. ಗಾಳಿಯಲ್ಲಿ ತೇವ ಇದ್ದಷ್ಟೂ ಅದು ಬೇಗ ಮಾಸುತ್ತದೆ, ಸಾಲು ಮುಗಿಯುವ ಮೊದಲೇ ಗೆರೆ ಕಾಣೆ. ನೀರಿಗೆ ಹೋಗುವ ನೀಲಿ ಪೆನ್ ಪರವಾಗಿಲ್ಲ, ಆದರೆ ತೊಳೆಯುವ ಮೊದಲು ಇಸ್ತ್ರಿ ತಾಗಿದರೆ ಗೆರೆ ಅಲ್ಲೇ ನಿಂತುಬಿಡುತ್ತದೆ. ನಾನು ಬಳಸುವುದು ಸವೆದ ಸೋಪಿನ ಚೂರು. ಗಾಢ ಬಣ್ಣದ ಮೇಲೆ ಅದರಷ್ಟು ಚಂದ ಕಾಣುವ ಗೆರೆ ಇಲ್ಲ.

ಬಟ್ಟೆ ತೊಳೆಯದೆ ಕತ್ತರಿಸುವವರಿಗೆ ಇನ್ನು ಹೇಳುವುದಿಲ್ಲ, ಹೇಳಿ ಹೇಳಿ ಸಾಕಾಗಿದೆ. ಉಪ್ಪು, ವಿನೆಗರ್ ನೀರಲ್ಲಿ ನೆನೆಸಿದರೆ ಈಗಿನ ಕೆಂಪು ಬಟ್ಟೆಗಳ ಬಣ್ಣ ನಿಲ್ಲುವುದಿಲ್ಲ. ಬಿಡುವ ಬಣ್ಣವನ್ನು ಬಿಸಿನೀರಲ್ಲಿ ಎರಡು ಮೂರು ಸಲ ತೊಳೆದು ಮೊದಲೇ ಬಿಡಿಸಬೇಕು. ಚೊಗರಿನ ಬಟ್ಟೆಗೆ ಮಾತ್ರ ಕ್ಷಾರದ ಸೋಪು, ಬಿಸಿನೀರು ಎರಡೂ ಬೇಡ, ಅಂಟುವಾಳಕಾಯಿ ನೀರು ಸಾಕು. ಹೆಗ್ಗೋಡು ಹತ್ತಿರದ ಭೀಮನಕೋಣೆಯ ಚರಕ ಎಂಬ ಮಹಿಳಾ ಸಹಕಾರ ಸಂಘದ ಕೈಮಗ್ಗದ ಬಟ್ಟೆಯನ್ನು ನಾನು ಹೀಗೇ ತೊಳೆಯುತ್ತಾ ಬಂದಿದ್ದೇನೆ, ಬಣ್ಣ ಇನ್ನೂ ಚೆನ್ನಾಗಿದೆ.

ಅಂಚುಪಟ್ಟಿ ನೇರ ಕತ್ತರಿಸಬೇಕಾ ಓರೆಯಾಗಿ ಕತ್ತರಿಸಬೇಕಾ ಅಂತ ಕೊನೆಯಲ್ಲಿ ಕೇಳಿದ್ದಿರಿ. ನಿಮ್ಮ ಕೌದಿಯ ಅಂಚು ನೇರ ಇದೆ, ನೇರ ಪಟ್ಟಿಯೇ ಸಾಕು, ಎರಡೂವರೆ ಇಂಚು ಅಗಲ ಕತ್ತರಿಸಿ ಎರಡು ಮಡಿಕೆ ಮಾಡಿ. ಓರೆಪಟ್ಟಿ ಬೇಕಾಗುವುದು ಮೂಲೆ ದುಂಡಗಿದ್ದರೆ. ಆದರೆ ಅದೆಲ್ಲ ದೀಪಾವಳಿಯ ಮಾತು. ಇವತ್ತು ಸಂಜೆ ಪಿನ್ ಬಿಚ್ಚಲು ಕೂತುಕೊಳ್ಳಿ. ಯಾವುದಾದರೂ ಪಿನ್ನಿನ ಸುತ್ತ ಕಂದು ಚುಕ್ಕೆ ಕಂಡರೆ ನೀರು, ಸೋಪು, ಇಸ್ತ್ರಿ ಏನೂ ತಾಗಿಸದೆ ಹತ್ತಿರದಿಂದ ಫೋಟೋ ತೆಗೆದು ಇಲ್ಲೇ ಹಾಕಿ, ಯಾವ ಬಟ್ಟೆ ಮೇಲೆ ಅಂತಲೂ ಬರೆಯಿರಿ. ರಾತ್ರಿ ಎಷ್ಟು ಹೊತ್ತಾದರೂ ನೋಡಿ ಉತ್ತರ ಬರೆಯುತ್ತೇನೆ.